ವಿಶ್ವವಿದ್ಯಾಲಯಕ್ಕೆ ಪತ್ರ ಬರೆದ ಸರ್ಕಾರಿ ವಕೀಲ

ಸರ್ಕಾರಿ ಕಡತಗಳಲ್ಲಿ ಕಾನೂನು ಅಭಿಪ್ರಾಯವೆಂಬ ಹಾಳೆಗೆ ಒಂದು ವಿಚಿತ್ರ ಸ್ಥಾನವಿದೆ. ನಿರ್ಧಾರಕ್ಕೆ ಮೊದಲು ಅದನ್ನು ಪಡೆಯಬೇಕೆಂಬುದು ನಿಯಮ. ನಿರ್ಧಾರವಾದ ಮೇಲೆ ಅದಕ್ಕೆ ಹೊಂದುವಂತೆ ಬರೆಸಿಕೊಳ್ಳುವುದು ಅನೇಕ ವೇಳೆ ರೂಢಿ. ನಾನು ಸೇವೆಯಲ್ಲಿದ್ದಾಗ ವಿಶ್ವವಿದ್ಯಾಲಯವೊಂದರ ನೇಮಕಾತಿಗೆ ಸಂಬಂಧಿಸಿದ ಕಡತ ನನ್ನ ಮೇಜಿಗೆ ಬಂದಿತ್ತು. ಆಯ್ಕೆಯ ಕ್ರಮ ನಿಯಮಬದ್ಧವಾಗಿಲ್ಲವೆಂದು ಕಾನೂನು ಅಧಿಕಾರಿ ಒಂದೂವರೆ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಮರುಪರಿಶೀಲನೆಗೆಂದು ಕಡತ ಎರಡು ಸಲ ಹಿಂದಿರುಗಿತು. ಮೂರನೆಯ ಸಲ ಬಂದಾಗ ಅಭಿಪ್ರಾಯ ಬದಲಾಗಿತ್ತು. ಬರೆದ ಕೈ ಮಾತ್ರ ಅದೇ ಆಗಿತ್ತು. ಅದರ ಕೆಳಗೆ ನಾನೂ ಸಹಿ ಮಾಡಿ ಮೇಲಕ್ಕೆ ಕಳುಹಿಸಿದೆ. ಆ ನೇಮಕಾತಿ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಆದರೆ ತೀರ್ಪು ಬರುವ ವೇಳೆಗೆ, ಹುದ್ದೆಗೆ ಅರ್ಹನಾಗಿದ್ದ ಅಭ್ಯರ್ಥಿಯ ವಯೋಮಿತಿ ಮೀರಿಹೋಗಿತ್ತು.

ಸರ್ಕಾರದ ವಕೀಲನಾದವನು ಒಂದು ವಿದ್ಯಾಸಂಸ್ಥೆಗೆ ಸಲಹೆ ನೀಡುವಾಗ ಯಾರಿಗೆ ನಿಷ್ಠನಾಗಿರಬೇಕು? ತನ್ನನ್ನು ನೇಮಿಸಿದ ಪ್ರಭುತ್ವಕ್ಕೋ, ಸಲಹೆ ಕೇಳಿದ ಸಂಸ್ಥೆಗೋ, ಅಥವಾ ಇಬ್ಬರನ್ನೂ ಮೀರಿದ ಕಾನೂನಿಗೋ? ನಿವೃತ್ತಿಯ ಬಿಡುವಿನಲ್ಲಿ ಇಂಗ್ಲೆಂಡಿನ ಕಾನೂನಿನ ಚರಿತ್ರೆಯನ್ನು ಓದುತ್ತಿದ್ದಾಗ, ಈ ಪ್ರಶ್ನೆಯನ್ನು ತನ್ನ ಬದುಕಿನುದ್ದಕ್ಕೂ ಹೊತ್ತು ತಿರುಗಿದ, ಅದಕ್ಕೆ ಕೆಲವೊಮ್ಮೆ ಅತ್ಯಂತ ಕೆಟ್ಟ ಉತ್ತರವನ್ನೂ ಕೆಲವೊಮ್ಮೆ ಅತ್ಯುತ್ತಮ ಉತ್ತರವನ್ನೂ ಕೊಟ್ಟ ಒಬ್ಬ ವ್ಯಕ್ತಿ ನನ್ನ ಗಮನ ಸೆಳೆದ. ಆತ ಸರ್ ಎಡ್ವರ್ಡ್ ಕೋಕ್. ನಮ್ಮ ವಕೀಲರಿಗೆ ಈ ಹೆಸರು ಸುಪರಿಚಿತ. ಆತನ ತೀರ್ಪುಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಅಟಾರ್ನಿ ಜನರಲ್ ಆಗಿದ್ದಾಗ ಆತ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಬರೆದ ಒಂದು ಪತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕೋಕ್ ಹುಟ್ಟಿದ್ದು 1552ರಲ್ಲಿ, ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್ ಪ್ರಾಂತ್ಯದ ಮೈಲ್‌ಹ್ಯಾಮ್ ಎಂಬ ಹಳ್ಳಿಯಲ್ಲಿ. ತಂದೆ ವಕೀಲ, ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ನಾರಿಚ್‌ನ ಶಾಲೆಯಲ್ಲಿ ಓದಿದ ಬಾಲಕ 1567ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದ. ಸುಮಾರು ಮೂರು ವರ್ಷ ಅಲ್ಲಿದ್ದರೂ ಪದವಿ ಪಡೆಯಲಿಲ್ಲ. ಇಂಗ್ಲೆಂಡಿನ ಸಾಮಾನ್ಯ ಕಾನೂನನ್ನು ಆಗ ವಿಶ್ವವಿದ್ಯಾಲಯಗಳು ಕಲಿಸುತ್ತಲೇ ಇರಲಿಲ್ಲ. ಅದನ್ನು ಕಲಿಯಬೇಕಾದವರು ಲಂಡನ್ನಿನ ವಕೀಲರ ವಸತಿಗೃಹಗಳಿಗೆ ಹೋಗಬೇಕಿತ್ತು. ಕೋಕ್ ಇನ್ನರ್ ಟೆಂಪಲ್ ಸೇರಿ 1578ರಲ್ಲಿ ವಕೀಲನಾದ. ಆದರೆ ಪದವಿ ಕೊಡದ ಆ ವಿಶ್ವವಿದ್ಯಾಲಯದ ಬಗೆಗೆ ಆತ ಕೊನೆಯವರೆಗೂ ಒಂದು ಬಗೆಯ ಮಾತೃಭಾವವನ್ನು ಉಳಿಸಿಕೊಂಡಿದ್ದ.

ಮುಂದಿನ ಏರಿಕೆ ಶೀಘ್ರವಾದದ್ದು. 1592ರಲ್ಲಿ ಸಾಲಿಸಿಟರ್ ಜನರಲ್, 1593ರಲ್ಲಿ ಕಾಮನ್ಸ್ ಸಭೆಯ ಸ್ಪೀಕರ್, 1594ರಲ್ಲಿ ರಾಣಿ ಎಲಿಜಬೆತ್‌ಳ ಅಟಾರ್ನಿ ಜನರಲ್. ಈ ಕೊನೆಯ ಹುದ್ದೆಗೆ ಪ್ರತಿಸ್ಪರ್ಧಿಯಾಗಿದ್ದವನು ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್. ನಾಲ್ಕು ವರ್ಷಗಳ ತರುವಾಯ ಇಬ್ಬರೂ ಕೈಹಿಡಿಯಲು ಬಯಸಿದ ಶ್ರೀಮಂತ ವಿಧವೆ ಲೇಡಿ ಹ್ಯಾಟನ್ ಕೂಡ ಕೋಕ್‌ನನ್ನೇ ಮದುವೆಯಾದಳು. ಆ ದಾಂಪತ್ಯದಲ್ಲಿ ಆತನಿಗೆ ಸುಖ ದೊರೆಯಲಿಲ್ಲ. ಬೇಕನ್‌ನ ವೈರ ಮಾತ್ರ ಶಾಶ್ವತವಾಯಿತು.

ಅಟಾರ್ನಿ ಜನರಲ್ ಆಗಿ ಕೋಕ್ ನಡೆದುಕೊಂಡ ರೀತಿಯನ್ನು ಸಮರ್ಥಿಸುವುದು ಕಷ್ಟ. 1603ರಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಲಂಡನ್ನಿನಲ್ಲಿ ಪ್ಲೇಗ್ ಇದ್ದುದರಿಂದ ನ್ಯಾಯಾಲಯ ವಿಂಚೆಸ್ಟರ್‌ನಲ್ಲಿ ಸೇರಿತ್ತು. ಮುಖ್ಯ ಸಾಕ್ಷ್ಯವೆಂದರೆ ಲಾರ್ಡ್ ಕೋಬಮ್ ಎಂಬಾತನ ಲಿಖಿತ ಹೇಳಿಕೆ. ಆತನನ್ನು ತನ್ನ ಎದುರಿಗೆ ಕರೆಸಿ ಎಂದು ರಾಲಿ ಮತ್ತೆ ಮತ್ತೆ ಬೇಡಿದರೂ ಕರೆಸಲಿಲ್ಲ. ಆರೋಪಿಯನ್ನು ತುಂಬಿದ ಸಭೆಯಲ್ಲಿ ಹೀನಾಯವಾಗಿ ನಿಂದಿಸಿದ ಕೋಕ್, ಬೇಕಾದ ತೀರ್ಪನ್ನು ಪಡೆದ. ಚಿತ್ರಹಿಂಸೆಗೆ ಅನುಮತಿ ನೀಡುವ ಆದೇಶಪತ್ರಗಳಲ್ಲಿಯೂ ಆತನ ಹೆಸರಿದೆ. ಅದೇ ಮನುಷ್ಯ ವೃದ್ಧಾಪ್ಯದಲ್ಲಿ ಬರೆದ ಗ್ರಂಥದಲ್ಲಿ ಇಂಗ್ಲೆಂಡಿನ ಕಾನೂನಿನಲ್ಲಿ ಚಿತ್ರಹಿಂಸೆಗೆ ಎಡೆಯಿಲ್ಲವೆಂದು ಪ್ರತಿಪಾದಿಸಿದ. ಪ್ರಭುತ್ವದ ವಕೀಲನಾಗಿದ್ದಾಗ ಆತನಿಗೆ ಪ್ರಭುತ್ವದ ಇಚ್ಛೆಯೇ ಕಾನೂನಾಗಿ ಕಂಡಿತ್ತೆಂದು ಹೇಳದೆ ವಿಧಿಯಿಲ್ಲ.

ಆದರೆ ಇದೇ ಅವಧಿಯಲ್ಲಿ, ರಾಲಿಯ ವಿಚಾರಣೆ ಮುಗಿದ ನಾಲ್ಕೇ ತಿಂಗಳಲ್ಲಿ, ಇದಕ್ಕೆ ತೀರ ಭಿನ್ನವಾದ ಇನ್ನೊಂದು ಕೆಲಸ ನಡೆಯಿತು. 1604ರ ಮಾರ್ಚ್‌ನಲ್ಲಿ ಹೊಸ ದೊರೆ ಮೊದಲನೆಯ ಜೇಮ್ಸ್ ತನ್ನ ಪ್ರಥಮ ಪಾರ್ಲಿಮೆಂಟನ್ನು ಕರೆದಿದ್ದ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು ತಲಾ ಇಬ್ಬರು ಪ್ರತಿನಿಧಿಗಳನ್ನು ಕಾಮನ್ಸ್ ಸಭೆಗೆ ಕಳುಹಿಸಬಹುದೆಂದು ರಾಜಪತ್ರ ಹೊರಟಿತು. ಕೇಂಬ್ರಿಜ್‌ನ ಅಧಿಕಾರಿಗಳಿಗೆ ಈ ವಿಚಾರವನ್ನು ತಿಳಿಸಿ, ಮುಂದೇನು ಮಾಡಬೇಕೆಂದು ಸಲಹೆ ನೀಡಿ ಕೋಕ್ ಪತ್ರ ಬರೆದ.

ಆ ಪತ್ರದಲ್ಲಿ ವೀರಾವೇಶವಿಲ್ಲ. ಇರುವುದು ಅನುಭವಸ್ಥನ ಲೆಕ್ಕಾಚಾರ. ಸ್ಪೀಕರ್ ಆಗಿದ್ದಾಗ ತಾನು ಕಂಡುಕೊಂಡದ್ದನ್ನು ಆತ ವಿವರಿಸುತ್ತಾನೆ: ವಿದ್ಯಾಸಂಸ್ಥೆಗಳ ಆಸ್ತಿ, ಆಡಳಿತಗಳನ್ನು ತಟ್ಟುವ ಕಾಯಿದೆಗಳು ಪಾರ್ಲಿಮೆಂಟಿನಲ್ಲಿ ಆಗುತ್ತಲೇ ಇರುತ್ತವೆ, ಒಂದೊಂದು ಕಾಲೇಜಿಗೂ ಅದರದೇ ಆದ ಸ್ಥಾಪನಾ ನಿಯಮಗಳಿವೆ, ಅವುಗಳ ನಿಜಸ್ಥಿತಿಯನ್ನು ಸಭೆಗೆ ತಿಳಿಸಬಲ್ಲವರು ಒಳಗೆ ಇರಬೇಕು. ಆಮೇಲೆ ಬರುವುದು ಎಚ್ಚರಿಕೆಯ ಮಾತು. ಕೇಂಬ್ರಿಜ್‌ನ ವಿದ್ವಾಂಸರಲ್ಲಿ ಬಹುಮಂದಿ ಧರ್ಮಾಧಿಕಾರಿಗಳು. ಅವರಿಗೆ ಕಾನ್ವೊಕೇಶನ್ ಎಂಬ ಪ್ರತ್ಯೇಕ ಧಾರ್ಮಿಕ ಸಭೆಯಲ್ಲಿ ಸ್ಥಾನವಿದ್ದುದರಿಂದ ಕಾಮನ್ಸ್ ಸಭೆಗೆ ಅವರು ಅರ್ಹರೇ ಎಂಬ ಆಕ್ಷೇಪ ಏಳಬಹುದಿತ್ತು. ಆದ್ದರಿಂದ ಈ ಮೊದಲ ಸಲವಾದರೂ ಸಿವಿಲ್ ಕಾನೂನಿನ ಪ್ರಾಧ್ಯಾಪಕನಂಥವನನ್ನು ಆರಿಸುವುದು ಕ್ಷೇಮ, ಆರಂಭವೇ ಸಂಶಯಾಸ್ಪದವಾಗಬಾರದು ಎಂಬುದು ಆತನ ಸಲಹೆ. ಕೇಂಬ್ರಿಜ್ ಆ ಸಲಹೆಯಂತೆಯೇ ನಡೆದು ಸಿವಿಲ್ ಕಾನೂನಿನ ಡಾಕ್ಟರುಗಳನ್ನು ಕಳುಹಿಸಿತು.

ಇದರಲ್ಲಿ ಗಮನಿಸಬೇಕಾದ ಅಂಶವಿದೆ. ದೊರೆಯ ವಕೀಲನಾದ ಕೋಕ್, ದೊರೆಗೆ ಇಂಥವನು ಅನುಕೂಲ, ಅವನನ್ನು ಆರಿಸಿ ಎಂದು ಸೂಚಿಸಬಹುದಿತ್ತು. ಆ ಕಾಲದಲ್ಲಿ ಅದು ಅಸಹಜವೂ ಆಗಿರಲಿಲ್ಲ. ಹಾಗೆ ಮಾಡದೆ, ಸಂಸ್ಥೆಗೆ ದೊರೆತ ಹಕ್ಕು ಆಕ್ಷೇಪಣೆಗೆ ಸಿಲುಕಿ ಕಳೆದುಹೋಗದಿರಲು ಏನು ಮಾಡಬೇಕೆಂಬುದನ್ನು ಮಾತ್ರ ಹೇಳಿದ. ಕಕ್ಷಿದಾರ ಬಯಸಿದ್ದನ್ನು ಹೇಳುವವನು ವಕೀಲ. ಕಕ್ಷಿದಾರ ಕಾಣದ ಅಪಾಯವನ್ನು ತೋರಿಸುವವನು ಸಲಹೆಗಾರ. ಈ ಪತ್ರದಲ್ಲಿ ಕೋಕ್ ಎರಡನೆಯವನಾಗಿದ್ದ.

ಇದರ ಮಹತ್ವ ತಿಳಿಯಬೇಕಾದರೆ ಹತ್ತು ವರ್ಷಗಳ ಅನಂತರದ ಘಟನೆಯನ್ನು ನೋಡಬೇಕು. 1614ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಪ್ರತಿನಿಧಿಯಾಗಿ ಫ್ರಾನ್ಸಿಸ್ ಬೇಕನ್‌ನನ್ನು ಆರಿಸಿತು. ಬೇಕನ್ ಆಗ ಅಟಾರ್ನಿ ಜನರಲ್. ದೊರೆಯ ವಕೀಲ ಜನಪ್ರತಿನಿಧಿಗಳ ಸಭೆಯಲ್ಲಿ ಕುಳಿತುಕೊಳ್ಳಬಹುದೇ ಎಂಬ ಪ್ರಶ್ನೆ ಕೂಡಲೇ ಎದ್ದಿತು. ಹಳೆಯ ನಿದರ್ಶನಗಳನ್ನು ಹುಡುಕಿಸಿದ ಸಭೆ, ಈ ಒಂದು ಸಲಕ್ಕೆ ಒಪ್ಪಿ, ಇನ್ನು ಮುಂದೆ ಅಟಾರ್ನಿ ಜನರಲ್ ಸದಸ್ಯನಾಗಿ ಬರಕೂಡದೆಂದು ನಿರ್ಣಯಿಸಿತು. ಪ್ರಭುತ್ವದ ವಕೀಲ ವಿಶ್ವವಿದ್ಯಾಲಯಕ್ಕೆ ಸಲಹೆ ಕೊಡಬಹುದು, ಅದರ ಬಾಯಿಯೇ ಆಗಬಾರದು ಎಂಬ ವಿವೇಕ ಅದರಲ್ಲಿತ್ತೆಂದು ನನ್ನ ಭಾವನೆ. ಅದೇ ವರ್ಷ ಕೇಂಬ್ರಿಜ್ ತನ್ನ ಹೈ ಸ್ಟ್ಯೂವರ್ಡ್ ಎಂಬ ಗೌರವದ ಹುದ್ದೆಗೆ ಕೋಕ್‌ನನ್ನು ಆರಿಸಿತು. ಸಾಯುವವರೆಗೂ ಆತ ಆ ಸ್ಥಾನದಲ್ಲಿದ್ದ.

ಅಷ್ಟರಲ್ಲಿ ಕೋಕ್ ನ್ಯಾಯಾಧೀಶನಾಗಿದ್ದ. 1606ರಲ್ಲಿ ಕಾಮನ್ ಪ್ಲೀಸ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶನಾದ ಮೇಲೆ ಆತನಲ್ಲಿ ಬೇರೆಯೇ ಮನುಷ್ಯ ಕಾಣಿಸತೊಡಗಿದ. ದೊರೆ ಖುದ್ದಾಗಿ ಮೊಕದ್ದಮೆಗಳನ್ನು ತೀರ್ಮಾನಿಸುವಂತಿಲ್ಲ, ಅದಕ್ಕೆ ದೀರ್ಘ ಅಭ್ಯಾಸದಿಂದ ಬರುವ ಕಾನೂನಿನ ವಿವೇಕ ಬೇಕು ಎಂದು 1607ರಲ್ಲಿ ಜೇಮ್ಸ್‌ಗೆ ಮುಖಾಮುಖಿ ಹೇಳಿದನೆಂದು ಆತನೇ ದಾಖಲಿಸಿದ್ದಾನೆ. ಆ ದಿನ ದೊರೆಯ ಕೋಪಕ್ಕೆ ಬೆದರಿ ನೆಲಕ್ಕೆ ಬಾಗಿ ಕ್ಷಮೆ ಬೇಡಿದನೆಂದು ಸಮಕಾಲೀನ ವರದಿಯೊಂದು ಹೇಳುತ್ತದೆ. ಎರಡೂ ನಿಜವಿರಬಹುದು. ಮೊಣಕಾಲೂರಿದವನು ಮರುದಿನ ಎದ್ದು ಅದೇ ತೀರ್ಪನ್ನು ಬರೆದನೆಂಬುದು ಮುಖ್ಯ.

1610ರ ಡಾಕ್ಟರ್ ಬಾನಮ್ ಮೊಕದ್ದಮೆಯಲ್ಲಿ ಕೇಂಬ್ರಿಜ್ ಮತ್ತೆ ಬಂದಿತು. ಥಾಮಸ್ ಬಾನಮ್ ಅಲ್ಲಿನ ವೈದ್ಯಶಾಸ್ತ್ರದ ಪದವೀಧರ. ತನ್ನ ಅನುಮತಿಯಿಲ್ಲದೆ ಲಂಡನ್ನಿನಲ್ಲಿ ವೈದ್ಯವೃತ್ತಿ ಮಾಡಿದನೆಂದು ಅಲ್ಲಿನ ವೈದ್ಯರ ಕಾಲೇಜು ಅವನಿಗೆ ಮೊದಲು ಐದು ಪೌಂಡ್, ಬಳಿಕ ಹತ್ತು ಪೌಂಡ್ ದಂಡ ವಿಧಿಸಿ, ಕೊನೆಗೆ ಸೆರೆಮನೆಗೆ ಹಾಕಿಸಿತು. ದಂಡದ ಅರ್ಧಭಾಗ ಆ ಕಾಲೇಜಿಗೇ ಸೇರುತ್ತಿತ್ತು. ತಾನೇ ಫಲಾನುಭವಿಯಾದವನು ತಾನೇ ತೀರ್ಪುಗಾರನೂ ಆಗುವಂತಿಲ್ಲವೆಂದು ಕೋಕ್ ಬಾನಮ್‌ನ ಪರ ನಿಂತ. ಶಾಸನವೇ ಹಾಗೆ ಹೇಳಿದರೂ ನ್ಯಾಯ ಮತ್ತು ವಿವೇಕಗಳಿಗೆ ವಿರುದ್ಧವಾದದ್ದನ್ನು ಸಾಮಾನ್ಯ ಕಾನೂನು ತಡೆಯಬಲ್ಲದು ಎಂಬ ಆತನ ವಾದ ಮುಂದೆ ಅಮೆರಿಕದಲ್ಲಿ ನ್ಯಾಯಾಂಗ ವಿಮರ್ಶೆಯ ವಿಚಾರಕ್ಕೆ ಬೀಜವಾಯಿತು.

ಇನ್ನೊಂದು ತೀರ್ಪಿನ ಪರಿಣಾಮ ಹೆಚ್ಚು ಸ್ವಾರಸ್ಯಕರ. ವಿಚಾರಣೆಯಿಲ್ಲದೆ ಅಧಿಕಾರ ಕಳೆದುಕೊಂಡ ಪ್ಲಿಮತ್ ನಗರದ ಜೇಮ್ಸ್ ಬ್ಯಾಗ್ ಎಂಬಾತನನ್ನು 1615ರಲ್ಲಿ ಕೋಕ್ ಮತ್ತೆ ಸ್ಥಾನಕ್ಕೆ ಸೇರಿಸಿದ. ಸುಮಾರು ನೂರು ವರ್ಷಗಳ ಬಳಿಕ, 1718ರಲ್ಲಿ, ರಿಚರ್ಡ್ ಬೆಂಟ್ಲಿ ಎಂಬ ಮಹಾ ವಿದ್ವಾಂಸನ ಪದವಿಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯ ಅವನ ಅಹವಾಲು ಕೇಳದೆಯೇ ಕಿತ್ತುಕೊಂಡಿತು. ಆಗ ಉಚ್ಚ ನ್ಯಾಯಪೀಠ ಆ ಹಳೆಯ ದಾರಿಯನ್ನೇ ಹಿಡಿದು ಪರಮಾದೇಶದ ಮೂಲಕ ಪದವಿಗಳನ್ನು ವಾಪಸು ಕೊಡಿಸಿತು. ಕೋಕ್ ಯಾವ ವಿಶ್ವವಿದ್ಯಾಲಯಕ್ಕೆ ಹಿತವಚನ ಹೇಳಿದ್ದನೋ, ಆತನ ತೀರ್ಪು ಅದೇ ವಿಶ್ವವಿದ್ಯಾಲಯದ ಅನ್ಯಾಯದಿಂದ ಒಬ್ಬ ವಿದ್ವಾಂಸನನ್ನು ಕಾಪಾಡಿತು. ಸಂಸ್ಥೆಯ ಸ್ವಾಯತ್ತತೆ ದೊಡ್ಡದು. ಆದರೆ ಅದು ಸಂಸ್ಥೆಯೊಳಗಿನ ಮನುಷ್ಯನನ್ನು ತುಳಿಯುವ ಪರವಾನಗಿಯಲ್ಲ.

ಕೋಕ್‌ನ ಪತನ ಬಂದದ್ದು 1616ರಲ್ಲಿ. ತನಗೆ ಸಂಬಂಧಿಸಿದ ಮೊಕದ್ದಮೆಯನ್ನು ತಾನು ಬಯಸಿದಾಗ ತಡೆಹಿಡಿಯುವಿರಾ ಎಂದು ದೊರೆ ನ್ಯಾಯಾಧೀಶರನ್ನು ಕೇಳಿದ. ಉಳಿದವರೆಲ್ಲ ಸಮ್ಮತಿಸಿದರು. ಸಂದರ್ಭ ಬಂದಾಗ ನ್ಯಾಯಾಧೀಶನಿಗೆ ತಕ್ಕುದನ್ನು ಮಾಡುವೆನೆಂದು ಕೋಕ್ ಒಬ್ಬನೇ ಉತ್ತರಿಸಿದ. ಆ ವರ್ಷಾಂತ್ಯದೊಳಗೆ ಹುದ್ದೆ ಹೋಯಿತು. ಅನಂತರ ಪಾರ್ಲಿಮೆಂಟ್ ಸೇರಿದ. ಅಲ್ಲಿನ ಮಾತುಗಳಿಗಾಗಿ ತನ್ನ ಎಪ್ಪತ್ತರ ಸುಮಾರಿಗೆ ಲಂಡನ್ ಟವರಿನಲ್ಲಿ ಹಲವು ತಿಂಗಳು ಸೆರೆಯಲ್ಲಿದ್ದ. 1628ರಲ್ಲಿ, ವಿಚಾರಣೆಯಿಲ್ಲದ ಬಂಧನ ಮತ್ತು ಸಮ್ಮತಿಯಿಲ್ಲದ ತೆರಿಗೆಯನ್ನು ವಿರೋಧಿಸಿದ ಹಕ್ಕುಗಳ ಮನವಿಯ ಮುಂಚೂಣಿಯಲ್ಲಿ ನಿಂತ. 1634ರಲ್ಲಿ ಸ್ಟೋಕ್ ಪೋಜಿಸ್‌ನ ಮನೆಯಲ್ಲಿ ಸಾವಿನ ಹಾಸಿಗೆ ಹಿಡಿದಿದ್ದಾಗಲೇ ದೊರೆಯ ಆಳುಗಳು ಬಂದು ಆತನ ಕಾಗದಪತ್ರಗಳನ್ನು ವಶಪಡಿಸಿಕೊಂಡರು. ಒಂದು ಕಾಲಕ್ಕೆ ಪ್ರಭುತ್ವದ ಪರವಾಗಿ ಇತರರ ಕಾಗದಗಳನ್ನು ಶೋಧಿಸುತ್ತಿದ್ದವನಿಗೆ ಒದಗಿದ ಅಂತ್ಯ ಇದು.

1604ರಲ್ಲಿ ದೊರೆತ ವಿಶ್ವವಿದ್ಯಾಲಯಗಳ ಪ್ರಾತಿನಿಧ್ಯ ಇಂಗ್ಲೆಂಡಿನಲ್ಲಿ ಸುಮಾರು ಮೂರೂವರೆ ಶತಮಾನ ಬಾಳಿ, 1948ರ ಕಾಯಿದೆಯಿಂದ ಕೊನೆಗೊಂಡಿತು. ಅದರ ದೂರದ ಸಂತತಿ ನಮ್ಮಲ್ಲಿ ಉಳಿದಿದೆ. ಬ್ರಿಟಿಷರ ಕಾಲದ ಪ್ರಾಂತೀಯ ಶಾಸನಸಭೆಗಳಲ್ಲಿ ವಿಶ್ವವಿದ್ಯಾಲಯಗಳಿಗೆ ಸ್ಥಾನಗಳಿದ್ದವು. ಸಂವಿಧಾನದ 171ನೆಯ ವಿಧಿ ವಿಧಾನ ಪರಿಷತ್ತಿನಲ್ಲಿ ಪದವೀಧರರಿಗೆ ಪ್ರಾತಿನಿಧ್ಯ ಕೊಟ್ಟಿತು. ಕರ್ನಾಟಕದ 75 ಸದಸ್ಯರ ಪರಿಷತ್ತಿನಲ್ಲಿ 7 ಸ್ಥಾನಗಳು ಪದವೀಧರ ಕ್ಷೇತ್ರಗಳವು. ವಿದ್ಯೆಯ ನಿಜಸ್ಥಿತಿಯನ್ನು ಸದನಕ್ಕೆ ತಿಳಿಸಬಲ್ಲವರು ಒಳಗೆ ಇರಬೇಕೆಂಬ ಆ ಮೂಲ ಉದ್ದೇಶ ಈ ಚುನಾವಣೆಗಳಲ್ಲಿ ಎಷ್ಟು ಉಳಿದಿದೆಯೆಂಬುದನ್ನು ಮತದಾರರಾದ ಪದವೀಧರರೇ ಯೋಚಿಸಬೇಕು.

ಕೋಕ್‌ನನ್ನು ಆದರ್ಶಪುರುಷನೆಂದು ಹೇಳಲು ನನಗೆ ಮನಸ್ಸಿಲ್ಲ. ರಾಲಿಯ ವಿಚಾರಣೆ ಅದಕ್ಕೆ ಅಡ್ಡ ಬರುತ್ತದೆ. ಆದರೆ ಆತನ ಬದುಕಿನಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹುದ್ದೆ ಮನುಷ್ಯನನ್ನು ಪೂರ್ತಿಯಾಗಿ ನಿರ್ಧರಿಸುವುದಿಲ್ಲ. ವಿಂಚೆಸ್ಟರ್‌ನಲ್ಲಿ ಆರೋಪಿಯನ್ನು ನಿಂದಿಸಿದವನೂ ಕೇಂಬ್ರಿಜ್‌ಗೆ ಪ್ರಾಮಾಣಿಕ ಸಲಹೆ ಬರೆದವನೂ ಒಂದೇ ಹುದ್ದೆಯಲ್ಲಿದ್ದ ಒಬ್ಬನೇ ವ್ಯಕ್ತಿ. ಸರ್ಕಾರಿ ನೌಕರಿಯ ನಿರ್ಬಂಧಗಳನ್ನು ಮುಂದಿಟ್ಟು ನಾವು ಮಾಡಿಕೊಳ್ಳುವ ಸಮಾಧಾನಕ್ಕೆ ಅದು ಹೆಚ್ಚು ಎಡೆಗೊಡುವುದಿಲ್ಲ.

ನನ್ನ ಮೇಜಿನಿಂದ ಹಾದುಹೋದ ಆ ಕಡತದ ಮೊದಲ ಒಂದೂವರೆ ಪುಟ ಈಗಲೂ ಯಾವುದೋ ದಾಖಲೆ ಕೊಠಡಿಯಲ್ಲಿ ಇರಬಹುದು. ಅದರ ಕೆಳಗೆ ನನ್ನ ಸಹಿಯಿಲ್ಲ. ಇರುವುದು ಮೂರನೆಯ ಅಭಿಪ್ರಾಯದ ಕೆಳಗೆ.