ಇಲ್ಲದ ಆದೇಶಕ್ಕೆ ದಾರಿ ತೋರಿದ ಅಲನ್ ಟ್ಯೂರಿಂಗ್

ಮೈಸೂರು: ಹೊಸ ಪ್ರೊಸೆಸರ್‌ಗೆಂದು ಕಂಪೈಲ್ ಮಾಡಿದ ತಂತ್ರಾಂಶವು ಹಳೆಯ ಗಣಕಯಂತ್ರದಲ್ಲಿ ಹಠಾತ್ತನೆ ನಿಂತುಬಿಡುವುದುಂಟು. ತನಗೆ ತಿಳಿಯದ ಆದೇಶ ಎದುರಾದೊಡನೆ ಪ್ರೊಸೆಸರ್ ಕೈಚೆಲ್ಲುತ್ತದೆ. ಮೈಸೂರಿನ ಹೆಬ್ಬಾಳದಿಂದ ಹಿಡಿದು ವಿಶ್ವದೆಲ್ಲೆಡೆಯ ತಂತ್ರಾಂಶ ಕಚೇರಿಗಳಿಗೆ ಪರಿಚಿತವಾದ ತೊಡಕು ಇದು. ಡಿಬಗ್ಗರ್ ನೆರವಿನಿಂದ ದೋಷದ ಸ್ಥಳ ಗುರುತಿಸಿದ ಬಳಿಕ ಉಳಿಯುವ ದಾರಿಗಳು ಮುಖ್ಯವಾಗಿ ಎರಡು: ಹಳೆಯ ಪ್ರೊಸೆಸರ್‌ಗೆ ಒಪ್ಪುವಂತೆ ಮರಳಿ ಕಂಪೈಲ್ ಮಾಡುವುದು ಅಥವಾ ಇಲ್ಲದ ಆದೇಶದ ಕಾರ್ಯವನ್ನು ಇರುವ ಆದೇಶಗಳಿಂದಲೇ ಸಾಧಿಸುವುದು. ಎರಡನೆಯದರ ತಾತ್ವಿಕ ಬುನಾದಿ ಹಾಕಿದವರು ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್.

ಟ್ಯೂರಿಂಗ್ ಜನಿಸಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಕುಟುಂಬದ ನಂಟು ದಕ್ಷಿಣ ಭಾರತದ್ದು. ಐಸಿಎಸ್ ಅಧಿಕಾರಿಯಾಗಿದ್ದ ತಂದೆ ಜೂಲಿಯಸ್, ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯಲ್ಲಿಯೂ ಸೇವೆ ಸಲ್ಲಿಸಿದ್ದರು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಹೆತ್ತವರು ಭಾರತದಲ್ಲಿದ್ದುದರಿಂದ ಬಾಲಕ ಅಲನ್ ಇಂಗ್ಲೆಂಡಿನಲ್ಲಿ ಪರರ ಆಶ್ರಯದಲ್ಲಿ ಬೆಳೆಯಬೇಕಾಯಿತು.

1936ರ ಪ್ರಬಂಧದಲ್ಲಿ ಅವರು ಮಹತ್ವದ ಸತ್ಯವೊಂದನ್ನು ಸಾಧಿಸಿ ತೋರಿದರು. ಸೂಕ್ತ ವಿವರಣೆ ಒದಗಿಸಿದರೆ ಒಂದೇ ಸಾರ್ವತ್ರಿಕ ಯಂತ್ರವು ಅಂತಹ ಇತರ ಯಾವುದೇ ಯಂತ್ರದ ಕೆಲಸವನ್ನು ಅನುಕರಿಸಬಲ್ಲದು. ಪ್ರೊಸೆಸರ್‌ನ ಕೊರತೆಯನ್ನು ತಂತ್ರಾಂಶ ತುಂಬಬಲ್ಲದೆಂಬ ಭರವಸೆಯ ಮೂಲ ಇದೇ.

ಎರಡನೇ ಮಹಾಯುದ್ಧದ ವೇಳೆ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನಿಯ ಎನಿಗ್ಮಾ ಗೂಢಲಿಪಿ ಭೇದಿಸುವುದರಲ್ಲಿ ಪ್ರಮುಖ ಪಾತ್ರ ವಹಿಸಿದ ಟ್ಯೂರಿಂಗ್, 1945ರಲ್ಲಿ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಸೇರಿ ಎಸಿಇ ಗಣಕದ ವಿನ್ಯಾಸ ರೂಪಿಸಿದರು. ಯಂತ್ರಭಾಗಗಳನ್ನು ಹೆಚ್ಚಿಸುವುದಕ್ಕಿಂತ ಜಾಣ್ಮೆಯ ಆದೇಶ ರಚನೆಯೇ ಮೇಲು ಎಂಬುದು ಅವರ ನಿಲುವಾಗಿತ್ತು.

1949ರ ಜೂನ್‌ನಲ್ಲಿ ಕೇಂಬ್ರಿಜ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಈ ನಿಲುವು ದೋಷ ಪರಿಶೀಲನೆಯೊಂದಿಗೆ ಕೂಡಿಕೊಂಡಿತು. ಗುಣಾಕಾರದ ಆದೇಶವೇ ಇಲ್ಲದ ಯಂತ್ರದಲ್ಲಿ ಮರುಮರು ಸಂಕಲನದಿಂದ ಫ್ಯಾಕ್ಟೋರಿಯಲ್ ಲೆಕ್ಕ ಹಾಕುವುದು ಅಲ್ಲಿನ ಉದಾಹರಣೆ. ಪ್ರತಿ ಹಂತದಲ್ಲಿ ಯಾವ ಮೌಲ್ಯ ಇರಬೇಕೆಂದು ಮೊದಲೇ ನಮೂದಿಸಿ, ಹಂತಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಬೇಕು. ಕಾರ್ಯಕ್ರಮ ಕೊನೆಗೊಳ್ಳುವುದೆಂದೂ ಖಚಿತಪಡಿಸಿಕೊಳ್ಳಬೇಕು ಎಂದು ಅವರು ವಿವರಿಸಿದರು.

ಇಂತಹ ಮೇಧಾವಿಯನ್ನು ದೇಶ ನಡೆಸಿಕೊಂಡ ಬಗೆ ಮಾತ್ರ ಕ್ರೂರ. ಸಲಿಂಗ ಸಂಬಂಧದ ಕಾರಣಕ್ಕೆ 1952ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿಯೆಂದು ಘೋಷಿಸಿತು. ಸೆರೆವಾಸಕ್ಕೆ ಬದಲಾಗಿ ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಾಯಿತು. 1954ರ ಜೂನ್ 7ರಂದು ಸೈನೈಡ್ ವಿಷದಿಂದ ಮೃತಪಟ್ಟಾಗ ಅವರಿಗೆ 41 ವರ್ಷ. ಅದು ಆತ್ಮಹತ್ಯೆಯೆಂದು ವಿಚಾರಣೆ ತೀರ್ಮಾನಿಸಿತು. ಬ್ರಿಟಿಷ್ ಸರ್ಕಾರ ಕ್ಷಮೆ ಯಾಚಿಸಿದ್ದು 2009ರಲ್ಲಿ. ರಾಜಮನೆತನದ ಮರಣೋತ್ತರ ಕ್ಷಮಾದಾನ ದೊರೆತದ್ದು 2013ರಲ್ಲಿ.

ಗುಣಾಕಾರ ಅರಿಯದ ಯಂತ್ರದಿಂದಲೂ ಗುಣಾಕಾರ ಮಾಡಿಸುವ ಬಗೆ ಕಂಡ ಟ್ಯೂರಿಂಗ್‌ಗೆ, ತಮ್ಮನ್ನು ಅರಿಯದ ಕಾನೂನಿನಿಂದ ಪಾರಾಗುವ ಬಗೆ ಕಾಣಲಿಲ್ಲ.