ಫೋರಿಯರ್ ಮತ್ತು ನಮ್ಮ ಮಸುಕಾದ ಪೋಸ್ಟರ್

ಮೂರನೇ ಸೆಮಿಸ್ಟರ್ ಮ್ಯಾಥ್ಸ್‌ನಲ್ಲಿ ನಮಗೆ ಫೋರಿಯರ್ ಅಂದ್ರೆ ಎ ಝೀರೋ, ಎ ಎನ್, ಬಿ ಎನ್ ಅಷ್ಟೇ. ಹತ್ತು ಮಾರ್ಕ್ಸಿನ ಪ್ರಶ್ನೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದ ಅಂತ ಹುಡುಕಲು ಹೊರಟದ್ದು ನಮ್ಮ ರಾಜ್ಯೋತ್ಸವದ ಪೋಸ್ಟರ್ ಹಾಳಾದ ಮೇಲೆ. ಲ್ಯಾಪ್‌ಟಾಪಿನಲ್ಲಿ ಎಷ್ಟು ಝೂಮ್ ಮಾಡಿದ್ರೂ ಚೂಪಾಗಿದ್ದ ಅಕ್ಷರಗಳು, ಜೆಪೆಗ್ ಮಾಡಿ ಪ್ರಿಂಟ್ ತೆಗೆದಾಗ ಮಸುಕಾಗಿದ್ದವು. ಒತ್ತಕ್ಷರಗಳು ಬರೀ ಚುಕ್ಕಿ. ಹೊಟ್ಟೆ ಸೀಳಿದ 'ಧ' ಯಾವುದು, ಸೀಳದ 'ದ' ಯಾವುದು ಗೊತ್ತಾಗ್ತಿರಲಿಲ್ಲ.

ಜೋಸೆಫ್ ಫೋರಿಯರ್ ಹುಟ್ಟಿದ್ದು 1768ರಲ್ಲಿ, ಫ್ರಾನ್ಸಿನ ಓಸೇರ್ ಎಂಬ ಊರಲ್ಲಿ. ಅಪ್ಪ ಟೈಲರ್. ಹತ್ತು ವರ್ಷ ಆಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಹೋದರು. ಊರಿನ ಮಿಲಿಟರಿ ಶಾಲೆಯಲ್ಲಿ ಓದಿದ, ಗಣಿತದ ಹುಚ್ಚು ಹತ್ತಿಸಿಕೊಂಡ. ಸನ್ಯಾಸಿಯಾಗಲು ಮಠ ಸೇರಿ, ದೀಕ್ಷೆ ತಗೊಳ್ಳದೆ ವಾಪಸ್ ಬಂದ. ಕ್ರಾಂತಿಯ ಗದ್ದಲದಲ್ಲಿ 1794ರಲ್ಲಿ ಜೈಲಿಗೂ ಹೋದ. ರೋಬೆಸ್ಪಿಯರ್ ತಲೆ ಉರುಳಿತು, ಇವನ ತಲೆ ಉಳಿಯಿತು.

1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದ. ಅಲ್ಲಿಂದ ಬಂದ ಮೇಲೆ ಪ್ಯಾರಿಸ್‌ನಲ್ಲಿ ಪಾಠ ಮಾಡಿಕೊಂಡಿರೋಣ ಅಂದ್ರೆ ನೆಪೋಲಿಯನ್ ಬಿಡಲಿಲ್ಲ, ಗ್ರೆನೋಬಲ್‌ಗೆ ಆಡಳಿತಾಧಿಕಾರಿಯಾಗಿ ಕಳಿಸಿದ. ನಮ್ಮ ಲೆಕ್ಕದಲ್ಲಿ ಡಿಸಿ ಅನ್ನಿ. ಜೌಗು ಭೂಮಿ ಒಣಗಿಸೋದು, ರಸ್ತೆ ಹಾಕಿಸೋದು, ಫೈಲ್‌ಗಳು. ಇವುಗಳ ನಡುವೆಯೇ ಬಿಸಿ ಲೋಹದಲ್ಲಿ ಶಾಖ ಹೇಗೆ ಹರಡುತ್ತೆ ಅಂತ ಕೂತು ಲೆಕ್ಕ ಹಾಕ್ತಿದ್ದ.

1807ರಲ್ಲಿ ಆ ಕೆಲಸವನ್ನು ಪ್ಯಾರಿಸ್‌ಗೆ ಕಳಿಸಿದ. ಎಂಥಾ ಆಕಾರವಾದರೂ, ನಡುವೆ ಥಟ್ಟನೆ ಜಿಗಿತ ಇದ್ದರೂ, ಅದನ್ನು ಸೈನ್ ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು ಅನ್ನೋದು ಅವನ ವಾದ. ಪರಿಶೀಲನೆಗೆ ಕೂತವರಲ್ಲಿ ಲಾಗ್ರಾಂಜ್, ಲಾಪ್ಲಾಸ್ ಇದ್ದರು. ಲಾಗ್ರಾಂಜ್ ಒಪ್ಪಲೇ ಇಲ್ಲ. ನುಣುಪಾದ ಅಲೆಗಳನ್ನು ಕೂಡಿಸಿದರೆ ಚೂಪು ಅಂಚು ಹೇಗೆ ಬಂದೀತು? ನಿಜ ಹೇಳಬೇಕಂದ್ರೆ ಅನುಮಾನ ದಡ್ಡತನದ್ದಲ್ಲ. ಫೋರಿಯರ್ ಹತ್ತಿರ ಪೂರ್ತಿ ಪ್ರೂಫ್ ಇರಲಿಲ್ಲ. 1812ರಲ್ಲಿ ಬಹುಮಾನ ಕೊಟ್ಟರು, ಜೊತೆಗೇ ನಿಖರತೆ ಸಾಲದು ಅಂತ ಟೀಕೆಯನ್ನೂ ಸೇರಿಸಿದರು. ಅವನ ಪುಸ್ತಕ ಅಚ್ಚಾಗಿದ್ದು 1822ರಲ್ಲಿ. ಹದಿನೈದು ವರ್ಷ! ನಾವು ಒಂದು ರೀವ್ಯಾಲ್ಯುಯೇಶನ್ ರಿಸಲ್ಟ್‌ಗೆ ಕಾಯೋಕಾಗಲ್ಲ.

ಲಾಗ್ರಾಂಜ್‌ಗೆ ಕಾಡಿದ ಆ ಚೂಪು ಅಂಚೇ ನಮ್ಮ ಪೋಸ್ಟರಿನ ಅಕ್ಷರದ ಅಂಚು. ಕಪ್ಪಿನಿಂದ ಬಿಳಿಗೆ ಒಂದೇ ಜಿಗಿತ. ಅದು ಬರಬೇಕಾದರೆ ತೀರಾ ಸಣ್ಣ ಸಣ್ಣ ಅಲೆಗಳೂ ಬೇಕು, ಮುಗಿಯದಷ್ಟು ಬೇಕು. ವೆಕ್ಟರ್ ಫೈಲಿನಲ್ಲಿ ಅಂಚು ಸಮೀಕರಣವಾಗಿ ಇರುತ್ತೆ, ಆದ್ದರಿಂದ ತೊಂದರೆಯಿಲ್ಲ. ಪಿಕ್ಸೆಲ್ ಮಾಡಿದ ಕೂಡಲೇ ಮಿತಿ ಬೀಳುತ್ತೆ. ಇಂಚಿಗೆ 96 ಪಿಕ್ಸೆಲ್ ಇದ್ದರೆ ಇಂಚಿಗೆ 48ಕ್ಕಿಂತ ಹೆಚ್ಚು ಅಲೆ ಹಿಡಿಸಲ್ಲ. 300 ಇದ್ದರೆ 150. ನಾವು ಮಾಡಿದ್ದು 96ಕ್ಕೆ, ಅಂದ್ರೆ ಎ4 ಹಾಳೆಗೆ 794 ಪಿಕ್ಸೆಲ್ ಅಗಲ. ಒತ್ತಕ್ಷರದ ಪಾಲಿಗೆ ಬಂದದ್ದು ನಾಲ್ಕೈದು ಪಿಕ್ಸೆಲ್. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿಯೂ ನೋಡಿದೆವು. ಹೋದ ಅಲೆ ಹೋಯ್ತು, ವಾಪಸ್ ಬರಲ್ಲ.

ಜೆಪೆಗ್ ಇನ್ನೊಂದು ಹೊಡೆತ. ಅದು ಚಿತ್ರವನ್ನು 8×8 ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನು ಕೊಸೈನ್ ಅಲೆಗಳಾಗಿ ಒಡೆದು, ಜಾಗ ಉಳಿಸಲು ಸಣ್ಣ ಅಲೆಗಳನ್ನೇ ಮೊದಲು ಒರಟಾಗಿಸುತ್ತೆ. ಅಕ್ಷರದ ಸುತ್ತ ಕಾಣೋ ಕೊಳೆ ಅದೇ. ಪಿಎನ್‌ಜಿಯಲ್ಲಿ ಈ ಕಾಟ ಇಲ್ಲ.

ಈಜಿಪ್ಟಿನಿಂದ ಬಂದ ಮೇಲೆ ಫೋರಿಯರ್‌ಗೆ ಚಳಿ ಅಂದ್ರೆ ಆಗ್ತಿರಲಿಲ್ಲವಂತೆ. ಕೋಣೆ ಕಾಯಿಸಿಕೊಂಡು, ಬಟ್ಟೆ ಮೇಲೆ ಬಟ್ಟೆ ಹೊದ್ದುಕೊಂಡು ಇರ್ತಿದ್ದ ಅಂತಾರೆ. 1829ರಲ್ಲಿ ಡಿರಿಶ್ಲೆ ಎಂಬ ಯುವಕ, ಫೋರಿಯರ್ ಸರಣಿ ಯಾವಾಗ ಸರಿಯಾದ ಬೆಲೆಗೆ ಬಂದು ಸೇರುತ್ತೆ ಅಂತ ಪ್ರೂಫ್ ಕೊಟ್ಟ. ಮರುವರ್ಷ ಮೇ ತಿಂಗಳಲ್ಲಿ ಫೋರಿಯರ್ ತೀರಿಕೊಂಡ.

ನಾವು ಪೋಸ್ಟರನ್ನು 300ಕ್ಕೆ ಪಿಎನ್‌ಜಿ ಮಾಡಿ, ಕೈಯಿಂದ ಹಣ ಹಾಕಿ ಮತ್ತೆ ಪ್ರಿಂಟ್ ತೆಗೆಸಿದೆವು. 'ಧ'ದ ಹೊಟ್ಟೆ ಈ ಸಲ ಸೀಳಿತ್ತು.