ರುಡಾಲ್ಫ್ ಡೀಸೆಲ್

ಡೀಸೆಲ್ ಎಂಬುದು ನಮಗೆ ಒಂದು ಎಣ್ಣೆಯ ಹೆಸರು. ಅದು ಒಬ್ಬ ಮನುಷ್ಯನ ಹೆಸರೆಂಬುದನ್ನು ನಮ್ಮ ಗೊರೂರಿನಲ್ಲಿ ಟ್ರಾಕ್ಟರು ಓಡಿಸುವವರಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆ. ಹೊಂಗೆಮರದ ನೆರಳಿನವರಾದ ನಾವು ಆತನ ಬಾಳನ್ನು ಅರಿಯಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ರುಡಾಲ್ಫ್ ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸಿನಲ್ಲಿ ಜರ್ಮನ್ ದಂಪತಿಗಳಿಗೆ ಜನಿಸಿದನು. ತಂದೆ ಚರ್ಮದ ಕೆಲಸಗಾರ. 1870ರ ಯುದ್ಧದಿಂದಾಗಿ ಮನೆಯವರೆಲ್ಲ ಲಂಡನ್ನಿಗೆ ವಲಸೆ ಹೋದರು; ಹನ್ನೆರಡರ ಬಾಲಕ ಬಂಧುಗಳ ಆಶ್ರಯ ಬೇಡಿ ಆಗ್ಸ್‌ಬರ್ಗಿಗೆ ಬಂದನು. ವಿದ್ಯಾರ್ಥಿವೇತನದಿಂದ ಮ್ಯೂನಿಕ್ಕಿನಲ್ಲಿ ಓದಿ 1880ರಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದನು.

ಉಗಿಯಂತ್ರವು ಉರುವಲಿನ ಬಹುಪಾಲು ಶಕ್ತಿಯನ್ನು ವ್ಯರ್ಥಗೊಳಿಸುವುದು ಆತನನ್ನು ಕಾಡಿತು. ಗಾಳಿಯನ್ನು ಬಲವಾಗಿ ಒತ್ತಿದರೆ ಕಾಯುತ್ತದೆ. ಆ ಕಾವಿಗೇ ಎಣ್ಣೆ ಕಿಡಿಯಿಲ್ಲದೆ ಹೊತ್ತಿಕೊಳ್ಳುವ ಯಂತ್ರಕ್ಕೆ 1893ರಲ್ಲಿ ಪೇಟೆಂಟ್ ಪಡೆದನು. 1897ರ ಪರೀಕ್ಷೆಯಲ್ಲಿ ಅದು ಇಂಧನದ ಶಕ್ತಿಯಲ್ಲಿ ಶೇಕಡಾ 26.2ನ್ನು ದುಡಿಮೆಗೆ ಒದಗಿಸಿತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಓಟೋ ಕಂಪನಿಯವರು ಇಂಥ ಯಂತ್ರವೊಂದನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿದರು. ಮುಂದೆ ತಾನೂ ಪರೀಕ್ಷಿಸಿ ನೋಡಿದ ಡೀಸೆಲ್, ಸಸ್ಯತೈಲಕ್ಕೂ ಒಂದು ಕಾಲ ಬರುವುದೆಂದು 1912ರಲ್ಲಿ ನುಡಿದನು. ಮರುವರ್ಷ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದನು. ಕೆಲವು ದಿನಗಳ ಮೇಲೆ ಶವ ಸಮುದ್ರದಲ್ಲಿ ದೊರಕಿತು. ಸಾವಿನ ಕಾರಣ ನಿಶ್ಚಯವಾಗಲಿಲ್ಲ.

ಆತನ ಭಾರಿ ಯಂತ್ರದಲ್ಲಿ ಒತ್ತಿದ ಗಾಳಿಯೇ ಎಣ್ಣೆಯನ್ನು ಒಳಕ್ಕೆ ಊದುತ್ತಿತ್ತು. ಮುಂದೆ ಬಂದ ಕಾರುಗಳಲ್ಲಿ ಆ ಕೆಲಸ ಸಣ್ಣ ಪಂಪಿಗೂ ಸೂಕ್ಷ್ಮ ರಂಧ್ರದ ನಾಜಲಿಗೂ ಬಿದ್ದಿತು. ಅವು ತೆಳುವಾದ ಡೀಸೆಲಿಗೆಂದೇ ರೂಪುಗೊಂಡವು. ಹೊಂಗೆಯೆಣ್ಣೆಯಾದರೋ ಅದಕ್ಕಿಂತ ಸುಮಾರು ಹತ್ತು ಪಟ್ಟು ಮಂದ. ಹಳೆಯ ಕಾರಿಗೆ ಅದನ್ನು ಹಾಗೆಯೇ ಸುರಿದರೆ ಫಿಲ್ಟರು ಕಟ್ಟಿಕೊಳ್ಳುತ್ತದೆ, ಪಂಪು ಏದುತ್ತದೆ, ನಾಜಲಿನ ಬಾಯಲ್ಲಿ ಮಸಿ ಗಟ್ಟಿಯಾಗುತ್ತದೆ. ಉರಿಯದೆ ಉಳಿದದ್ದು ಕೆಳಗಿಳಿದು ಎಂಜಿನ್ ಆಯಿಲನ್ನು ಅಂಟಾಗಿಸುತ್ತದೆ. ಡೀಸೆಲಿನಿಂದ ಚಾಲೂ ಮಾಡಿ, ಕಾಯಿಸಿದ ಎಣ್ಣೆಗೆ ಹೊರಳಿಸಿ, ನಿಲ್ಲಿಸುವ ಮುನ್ನ ಮತ್ತೆ ಡೀಸೆಲಿಗೆ ಬರುವುದು ಒಂದು ಉಪಾಯ. ಎಣ್ಣೆಯನ್ನು ಮೆಥನಾಲಿನೊಡನೆ ಸಂಸ್ಕರಿಸಿ, ಗ್ಲಿಸರಿನ್ ಬೇರ್ಪಡಿಸಿ, ಜೈವಿಕ ಡೀಸೆಲ್ ಮಾಡುವುದು ಇನ್ನೊಂದು. ಅದೂ ಮೊದಮೊದಲು ಟ್ಯಾಂಕಿನ ಹಳೆಯ ಗಸಿಯನ್ನು ಕರಗಿಸಿ ಫಿಲ್ಟರಿಗೆ ತಳ್ಳುತ್ತದೆ. ಹಳೆಯ ರಬ್ಬರು ಕೊಳವೆಗಳನ್ನು ಹಾಳುಮಾಡುತ್ತದೆ. ಅವನ್ನು ಬದಲಿಸಿಕೊಂಡೇ ಮುಂದುವರಿಯಬೇಕು.

ನಮ್ಮ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು 2007ರಲ್ಲಿ ಆರಂಭಿಸಿದ ಜೈವಿಕ ಇಂಧನ ಉದ್ಯಾನವು ಇದೇ ದಾರಿಯ ಪ್ರಯತ್ನ. ಬೇಲಿಯ ಹೊಂಗೆಬೀಜ ರೈತನ ಕೈಗೆ ನಾಲ್ಕು ಕಾಸು ತರಬೇಕಾದರೆ ಮರವಷ್ಟೇ ಸಾಲದು. ಆ ಎಣ್ಣೆಗೊಪ್ಪುವ ಪಂಪು ನಾಜಲುಗಳೂ ಬೇಕು. ಡೀಸೆಲ್ ಬಿಟ್ಟುಹೋದ ಆ ಕೆಲಸವನ್ನು ಪೂರೈಸುವವರು ನಮ್ಮ ಹಳ್ಳಿಗಳಿಂದಲೇ ಹೊರಡಲೆಂದು ಹಾರೈಸುತ್ತೇನೆ.